ವಾಪಸ್ ಬರುವ ತಾರೀಖು

ಟೆಕ್ಸಾಸ್‌ನಲ್ಲಿರುವ ನಮ್ಮಕ್ಕ ಹೋದ ತಿಂಗಳು ರಾತ್ರಿ ಹನ್ನೊಂದೂವರೆಗೆ ಫೋನ್ ಮಾಡಿದಳು. ಆ ಹೊತ್ತಲ್ಲಿ ಫೋನ್ ಬಂದ್ರೆ ಎದೆ ಧಸಕ್ ಅನ್ನುತ್ತೆ, ಅಮ್ಮ ಆಗಲೇ ಎದ್ದು ಕೂತಿದ್ದರು. "ಏನೋ ಇದು, ಇವನ ಹೆಸರಿಗೆ ಮಿಲ್ಟ್ರಿ ಕಾಗದ ಬಂದಿದೆ" ಅಂದಳು. ಇವನು ಅಂದ್ರೆ ಅವಳ ಮಗ. ಹುಟ್ಟಿದ್ದು ಅಲ್ಲೇ. ಈ ಜನವರಿಗೆ 18 ತುಂಬಿತು. ನನ್ನ ಕಣ್ಣಲ್ಲಿ ಅವನಿನ್ನೂ ರಜೆಗೆ ಬಂದು ಅಜ್ಜಿ ಕೈಲಿ ಚಕ್ಕುಲಿ ಮಾಡಿಸಿಕೊಂಡು ತಿನ್ನುವ ಹುಡುಗ.

ಫೋಟೋ ತೆಗೆದು ವಾಟ್ಸಾಪ್ ಮಾಡು ಅಂದೆ. ನೋಡಿದ್ರೆ ಗಾಬರಿ ಬೀಳುವಂಥದ್ದೇನಲ್ಲ. ಸೆಲೆಕ್ಟಿವ್ ಸರ್ವಿಸ್ ಅನ್ನುವ ಇಲಾಖೆಯ ಕಾರ್ಡು, ಮುಂದೆ ಬೇಕಾದ್ರೆ ಸೇನೆಗೆ ಕರೆಯಬಹುದಾದವರ ಪಟ್ಟಿಗೆ ನಿಮ್ಮ ಹೆಸರು ಸೇರಿದೆ ಅಂತ ತಿಳಿಸಿದ್ದರು. ಹುಡುಗ ಡ್ರೈವಿಂಗ್ ಲೈಸೆನ್ಸಿಗೆ ಅರ್ಜಿ ಹಾಕುವಾಗ ಎಲ್ಲೋ ಒಪ್ಪಿಗೆ ಕೊಟ್ಟಿದ್ದಾನೆ. ಅವನಿಗೆ ಅದು ನೆನಪೂ ಇಲ್ಲ.

ಅಮೆರಿಕದಲ್ಲಿ ಕಡ್ಡಾಯ ಸೇನಾ ಭರ್ತಿ, ಅಲ್ಲಿಯವರ ಬಾಯಲ್ಲಿ ಡ್ರಾಫ್ಟ್, 1973ರಲ್ಲೇ ನಿಂತುಹೋಗಿದೆ. ಆದರೆ ಸೋವಿಯತ್ ಸೇನೆ ಅಫ್ಘಾನಿಸ್ತಾನಕ್ಕೆ ನುಗ್ಗಿದ ಮೇಲೆ 1980ರಲ್ಲಿ ಅಧ್ಯಕ್ಷ ಕಾರ್ಟರ್ ಪಟ್ಟಿ ಮಾಡುವ ಕೆಲಸವನ್ನು ಮತ್ತೆ ಶುರು ಮಾಡಿಸಿದರು. 18ರಿಂದ 25ರ ಒಳಗಿನ ಗಂಡುಮಕ್ಕಳು ಹೆಸರು ಕೊಡಬೇಕು. ನಾಗರಿಕರಷ್ಟೇ ಅಲ್ಲ, ಗ್ರೀನ್ ಕಾರ್ಡ್ ಇರುವವರೂ, ದಾಖಲೆ ಇಲ್ಲದೆ ಉಳಿದುಕೊಂಡವರೂ. ಎಚ್-4ನಂಥ ವೀಸಾದಲ್ಲಿ ಕಾಯ್ದೆ ಪ್ರಕಾರ ಇರುವ ಹುಡುಗರಿಗೆ ಬೇಡ. ನಮ್ಮ ಬೆಂಗಳೂರಿನವರು ಮರೆಯುವ ಒಂದು ವಿಷಯ ಇದೆ. ಅಲ್ಲಿ ಹುಟ್ಟಿ, ಅಪ್ಪ ಅಮ್ಮನ ಜೊತೆ ವಾಪಸ್ ಬಂದು, ಇಲ್ಲೇ ಜಯನಗರದಲ್ಲೋ ವೈಟ್‌ಫೀಲ್ಡ್‌ನಲ್ಲೋ ಪಿಯುಸಿ ಓದುತ್ತಿರುವ ಹುಡುಗನ ಹತ್ತಿರ ಅಮೆರಿಕದ ಪಾಸ್‌ಪೋರ್ಟ್ ಇದ್ದರೆ ಅವನಿಗೂ ಇದೇ ನಿಯಮ. ಹೆಸರು ಕೊಡದಿದ್ದರೆ 5 ವರ್ಷ ಜೈಲು, 2.5 ಲಕ್ಷ ಡಾಲರ್ ದಂಡ ಅಂತ ಕಾನೂನಿನಲ್ಲಿದೆ. 1986ರ ನಂತರ ಯಾರ ಮೇಲೂ ಕೇಸು ಹಾಕಿಲ್ಲ. ಆದರೆ ಸರ್ಕಾರಿ ಕೆಲಸಕ್ಕೋ ಪೌರತ್ವಕ್ಕೋ ಅರ್ಜಿ ಹಾಕುವಾಗ ಅಡ್ಡ ಬರುತ್ತೆ. 2025ರ ಡಿಸೆಂಬರ್‌ನಲ್ಲಿ ಸಹಿ ಬಿದ್ದ ರಕ್ಷಣಾ ಕಾಯ್ದೆಯ ಪ್ರಕಾರ, ಸಹಿಯಾಗಿ ಒಂದು ವರ್ಷ ಆದ ಮೇಲಿಂದ ಹುಡುಗರು ತಾವಾಗಿ ಹೆಸರು ಕೊಡಬೇಕಾಗಿಲ್ಲ, ಸರ್ಕಾರವೇ ತನ್ನ ಹತ್ತಿರ ಇರುವ ದಾಖಲೆಗಳಿಂದ ಸೇರಿಸಿಕೊಳ್ಳುತ್ತೆ.

"ಹಾಗಾದ್ರೆ ಕರ್ಕೊಂಡು ಹೋಗ್ಬಿಡ್ತಾರಾ?" ಅಂತ ಅಕ್ಕ ಕೇಳಿದಳು. ಇಲ್ಲ. ಡ್ರಾಫ್ಟ್ ಮತ್ತೆ ಶುರುವಾಗಬೇಕಾದ್ರೆ ಅಲ್ಲಿನ ಸಂಸತ್ತು ಬೇರೆ ಕಾನೂನು ಮಾಡಬೇಕು. ಸದ್ಯಕ್ಕೆ ಅದರ ಸುಳಿವಿಲ್ಲ. ಇಷ್ಟು ಹೇಳಿ ಸಮಾಧಾನ ಮಾಡಿ ಫೋನ್ ಇಟ್ಟೆ. ನನಗೆ ಮಾತ್ರ ನಿದ್ದೆ ಬರಲಿಲ್ಲ. ಎದ್ದು ಕೂತು ಓದುತ್ತಾ ಹೋದೆ.

ಈಗ ಎಷ್ಟೋ ದೇಶಗಳಲ್ಲಿ ಇದೇ ಚರ್ಚೆ. ಯಾರನ್ನು ಕರೆಯಬೇಕು, ಎಷ್ಟನೇ ವಯಸ್ಸಿಗೆ, ಹುಡುಗಿಯರನ್ನೂ ಸೇರಿಸಬೇಕಾ, ಎಷ್ಟು ತಿಂಗಳು. ಇದೆಲ್ಲ ಕಳಿಸುವ ಕಡೆಯ ಲೆಕ್ಕ. ವಾಪಸ್ ಕರೆತರುವ ಲೆಕ್ಕವನ್ನು ಯಾರೂ ಹಾಕುವ ಹಾಗೆ ಕಾಣಲ್ಲ. ಯುದ್ಧಕ್ಕೆ ಹೋದ ಹುಡುಗ ಮುಂದೆ 50 ವರ್ಷ ಹೇಗೆ ಬದುಕುತ್ತಾನೆ ಅನ್ನುವುದು ಅವನು ಅಲ್ಲಿ ಏನು ನೋಡಿದ ಅನ್ನುವುದರ ಮೇಲೆ ನಿಂತಿದೆ, ಸರಿ. ಆದರೆ ಯಾವ ದಿನ ವಾಪಸ್ ಹೊರಟ, ಯಾರ ಜೊತೆ ಬಂದ, ದಾರಿಯಲ್ಲಿ ಎಷ್ಟು ದಿನ ಕಳೆದ, ಮನೆ ಬಾಗಿಲಲ್ಲಿ ಯಾರಿದ್ದರು ಅನ್ನುವುದರ ಮೇಲೂ ಅಷ್ಟೇ ನಿಂತಿದೆ ಅಂತ ನನಗನಿಸುತ್ತೆ. ಇದನ್ನು ತಿಳಿಯೋಕೆ ವಿಯೆಟ್ನಾಂ ಯುದ್ಧಕ್ಕೆ ಹೋದ ಅಮೆರಿಕದ ಹುಡುಗರಿಗಿಂತ ಸ್ಪಷ್ಟ ಉದಾಹರಣೆ ಸಿಗಲ್ಲ.

1964ರಿಂದ 1973ರವರೆಗೆ ಸುಮಾರು 22 ಲಕ್ಷ ಹುಡುಗರನ್ನು ಅಮೆರಿಕ ಡ್ರಾಫ್ಟ್‌ನಲ್ಲಿ ಎಳೆದುಕೊಂಡಿತು. ಆ ವಯಸ್ಸಿನ ಗಂಡಸರು ಸುಮಾರು 2.7 ಕೋಟಿ ಇದ್ದರು, ಅಂದ್ರೆ ಬಹುಪಾಲು ಜನ ತಪ್ಪಿಸಿಕೊಂಡರು. ಹೇಗೆ? ಊರೂರಿಗೊಂದು ಸ್ಥಳೀಯ ಮಂಡಳಿ, ದೇಶದ ತುಂಬಾ ಸುಮಾರು 4,000. ಯಾರು ಹೋಗಬೇಕು ಅಂತ ಆ ಊರಿನ ಹಿರಿಯರೇ ಕೂತು ತೀರ್ಮಾನ ಮಾಡೋದು. ಕಾಲೇಜಿನಲ್ಲಿ ಓದುತ್ತಿದ್ದರೆ ವಿನಾಯಿತಿ. ಮನೆ ಡಾಕ್ಟರ್ ಪರಿಚಯದವರಾಗಿದ್ದರೆ ಬೆನ್ನು ನೋವು, ಕಾಲು ನೋವು ಅಂತ ಒಂದು ಸರ್ಟಿಫಿಕೇಟ್. ನಮಗೆ ಗೊತ್ತಿಲ್ಲದ ವಿದ್ಯೆಯೇನಲ್ಲ ಅಲ್ವಾ. ಸಿಕ್ಕಿಬಿದ್ದವರು ಜಾಸ್ತಿ ಮಟ್ಟಿಗೆ ಕೂಲಿಯವರ, ರೈತರ, ಫ್ಯಾಕ್ಟರಿ ಕೆಲಸದವರ ಮಕ್ಕಳು. 1966ರಲ್ಲಿ ರಕ್ಷಣಾ ಕಾರ್ಯದರ್ಶಿ ಮ್ಯಾಕ್‌ನಮಾರಾ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸೇನೆಯ ಪರೀಕ್ಷೆಯಲ್ಲಿ ಕಮ್ಮಿ ಅಂಕ ಬಂದು ಫೇಲಾದ ಹುಡುಗರನ್ನೂ ತೆಗೆದುಕೊಳ್ಳುವ ಯೋಜನೆ ತಂದರು. ಹಾಗೆ ಬಂದವರೇ 3 ಲಕ್ಷಕ್ಕೂ ಜಾಸ್ತಿ.

ಇದು ಅನ್ಯಾಯ ಅನ್ನುವ ಕೂಗು ಜೋರಾದಾಗ 1969ರ ಡಿಸೆಂಬರ್ 1ರ ರಾತ್ರಿ ಲಾಟರಿ ಎತ್ತಿದರು. ನಿಜವಾದ ಲಾಟರಿ. 366 ನೀಲಿ ಪ್ಲಾಸ್ಟಿಕ್ ಗುಳಿಗೆಗಳು, ಒಂದೊಂದರೊಳಗೆ ವರ್ಷದ ಒಂದೊಂದು ತಾರೀಖು ಬರೆದ ಚೀಟಿ, ಎಲ್ಲವೂ ಒಂದು ದೊಡ್ಡ ಗಾಜಿನ ಜಾಡಿಯಲ್ಲಿ. ಟಿವಿಯಲ್ಲಿ ನೇರ ಪ್ರಸಾರ. 1944ರಿಂದ 1950ರ ನಡುವೆ ಹುಟ್ಟಿದ ಹುಡುಗರೆಲ್ಲ ಹಾಸ್ಟೆಲ್ಲುಗಳಲ್ಲಿ, ಬಾರುಗಳಲ್ಲಿ, ಅಪ್ಪ ಅಮ್ಮನ ಪಕ್ಕ ಸೋಫಾದಲ್ಲಿ ಕೂತು ನೋಡುತ್ತಿದ್ದರು. ಮೊದಲು ಬಂದ ಚೀಟಿ ಸೆಪ್ಟೆಂಬರ್ 14. ಆ ದಿನ ಹುಟ್ಟಿದವರಿಗೆ 1ನೇ ನಂಬರ್. ಫೆಬ್ರವರಿ 14ಕ್ಕೆ 4. ಕೊನೆಯದು ಜೂನ್ 8. ಮುಂದಿನ ವರ್ಷ 195ನೇ ನಂಬರ್‌ವರೆಗೆ ಕರೆ ಹೋಯಿತು, ಆಚೆಯವರು ಬಚಾವ್.

ಆ ಲಾಟರಿಯೂ ಸರಿಯಾಗಿ ಆಗಲಿಲ್ಲ. ಜನವರಿಯ ಗುಳಿಗೆ ಮೊದಲು, ಆಮೇಲೆ ಫೆಬ್ರವರಿ, ಹೀಗೆ ಒಂದೊಂದೇ ತಿಂಗಳು ಪೆಟ್ಟಿಗೆಗೆ ಸುರಿದು ಸುಮ್ನೆ ಒಂದೆರಡು ಸಲ ಅಲ್ಲಾಡಿಸಿದರು. ಸರಿಯಾಗಿ ಕಲೆಸಲಿಲ್ಲ. ವರ್ಷದ ಕೊನೆಯಲ್ಲಿ ಹುಟ್ಟಿದವರಿಗೆ ಸಣ್ಣ ನಂಬರುಗಳೇ ಜಾಸ್ತಿ ಬಂದವು. ಡಿಸೆಂಬರ್‌ನ 31 ದಿನಗಳಲ್ಲಿ 26 ದಿನ 195ರ ಒಳಗೇ ಸಿಕ್ಕಿಬಿದ್ದವು. ಸಂಖ್ಯಾಶಾಸ್ತ್ರದ ಮೇಷ್ಟ್ರುಗಳು ಇವತ್ತಿಗೂ ಕ್ಲಾಸಿನಲ್ಲಿ ಇದನ್ನು ಉದಾಹರಣೆ ಕೊಡುತ್ತಾರೆ. ಹುಳಿಗೆ ಒಗ್ಗರಣೆ ಹಾಕಿ ಸೌಟು ಆಡಿಸದಿದ್ದರೆ ಹೇಗೆ ಮೇಲೆ ಎಣ್ಣೆ ನಿಲ್ಲುತ್ತೋ, ಹಾಗೆ ಡಿಸೆಂಬರ್ ಹುಡುಗರು ಮೇಲೆ ನಿಂತಿದ್ದರು. ಎಷ್ಟೋ ಮನೆಗಳ ಹಣೆಬರಹ ಒಂದು ಡಬ್ಬಿ ಕುಲುಕುವುದರಲ್ಲಿತ್ತು.

ಕಾಗದ ಬಂದ ಮೇಲೆ ಎರಡು ವರ್ಷದ ಸೇವೆ. ಬೂಟು ಕಾಲಿಗೆ ಹೊಂದಿಕೊಳ್ಳುವಷ್ಟರಲ್ಲಿ ನಾಲ್ಕೈದು ತಿಂಗಳ ತರಬೇತಿ ಮುಗಿಯುತ್ತಿತ್ತು. ಸ್ವಲ್ಪ ದಿನ ರಜೆ, ಆಮೇಲೆ ವಿಮಾನ. ಅದೂ ಸೇನೆಯ ವಿಮಾನವಲ್ಲ, ಬಹಳ ಸಲ ಬಾಡಿಗೆಗೆ ತೆಗೆದುಕೊಂಡ ಸಾಮಾನ್ಯ ಪ್ರಯಾಣಿಕರ ವಿಮಾನ. ಗಗನಸಖಿಯರು ಊಟ ಬಡಿಸಿದ್ದಾರೆ. ಬಾಗಿಲು ತೆರೆದರೆ ವಿಯೆಟ್ನಾಂನ ಬಿಸಿಗಾಳಿ ಮುಖಕ್ಕೆ ಹೊಡೆಯುತ್ತೆ.

ಇಲ್ಲಿಂದ ಮುಂದಿನದ್ದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಅಮೆರಿಕದ ಸೇನೆ ಒಂದು ನಿಯಮ ಮಾಡಿತ್ತು. ಪ್ರತಿ ಸೈನಿಕನೂ ವಿಯೆಟ್ನಾಂನಲ್ಲಿ 12 ತಿಂಗಳು ಇದ್ದರೆ ಸಾಕು, ಮರೀನ್ ಪಡೆಯವರಾದರೆ 13. ಕಾಲಿಟ್ಟ ದಿನವೇ ಅವನಿಗೆ ವಾಪಸ್ ಹೋಗುವ ತಾರೀಖು ಗೊತ್ತು. ಕೇಳೋಕೆ ಎಷ್ಟು ಮಾನವೀಯ ಅಲ್ವಾ? ಎರಡನೇ ಮಹಾಯುದ್ಧದಲ್ಲಿ ಯುದ್ಧ ಮುಗಿಯುವವರೆಗೂ ಇರಬೇಕಿತ್ತು, ಹುಡುಗರು ಆಸೆ ಬಿಟ್ಟು ಕುಸಿದು ಹೋಗುತ್ತಿದ್ದರು. ಅದನ್ನು ನೋಡಿಯೇ ಈ ವ್ಯವಸ್ಥೆ. ಮೊದಮೊದಲು ಇದು ಫಲ ಕೊಟ್ಟ ಹಾಗೂ ಕಂಡಿತು. ರಣರಂಗದಲ್ಲಿ ಮನಸ್ಸು ಕೆಟ್ಟು ಆಸ್ಪತ್ರೆ ಸೇರುವವರ ಸಂಖ್ಯೆ ಹಿಂದಿನ ಯುದ್ಧಗಳಿಗಿಂತ ಬಹಳ ಕಮ್ಮಿ ಇತ್ತು, ಸೇನೆಯ ಡಾಕ್ಟರುಗಳು ಬೆನ್ನು ತಟ್ಟಿಕೊಂಡರು.

ಆದರೆ ಈ ತಾರೀಖು ಒಬ್ಬೊಬ್ಬನಿಗೆ ಒಂದೊಂದು. ಪಡೆ ಒಟ್ಟಿಗೆ ಹೋಗಿ ಒಟ್ಟಿಗೆ ಬರುವುದಲ್ಲ. ಯಾರೋ ಸತ್ತ, ಯಾರೋ ಮನೆಗೆ ಹೋದ, ಆ ಖಾಲಿ ಜಾಗಕ್ಕೆ ನೀನು. ಹೊಸಬನ ಹೆಸರು ಕಲಿಯೋಕೂ ಯಾರಿಗೂ ಇಷ್ಟವಿಲ್ಲ. ಅವನ ಜೊತೆ ನಡೆಯುವುದೇ ಅಪಾಯ, ಅವನಿಗೆ ಇನ್ನೂ ಎಲ್ಲಿ ಕಾಲಿಡಬೇಕು ಗೊತ್ತಿಲ್ಲ. ಮೊದಲ ವಾರಗಳಲ್ಲಿ ಅವನು ಒಂಟಿ. ಆಮೇಲೆ ನಾಲ್ಕು ಜನ ಜೊತೆಗಾರರಾಗುತ್ತಾರೆ, ಅವರ ತಾರೀಖುಗಳು ಬೇರೆ. ಒಂದು ಬೆಳಿಗ್ಗೆ ಹೆಲಿಕಾಪ್ಟರ್ ಬಂದು ಒಬ್ಬನನ್ನು ಕರೆದುಕೊಂಡು ಹೋಗುತ್ತೆ, ಅಷ್ಟೇ. ಬಹಳ ಸಲ ವಿಳಾಸವೂ ತೆಗೆದುಕೊಂಡಿರುವುದಿಲ್ಲ.

ಆ ಕಾಲದ ಫೋಟೋಗಳಲ್ಲಿ ಹೆಲ್ಮೆಟ್ಟುಗಳನ್ನು ನೋಡಿ. ಹೆಲ್ಮೆಟ್ಟಿನ ಬಟ್ಟೆಯ ಗವಸಿನ ಮೇಲೆ ಪೆನ್ನಿನಲ್ಲಿ ತಿಂಗಳುಗಳ ಹೆಸರು ಸಾಲಾಗಿ ಬರೆದಿರುತ್ತೆ. ಮುಗಿದ ತಿಂಗಳಿಗೆ ಗೀಟು. ಕೆಲವರ ಹತ್ತಿರ ಒಂದು ಚಿತ್ರ, ಅದರೊಳಗೆ ನಂಬರ್ ಹಾಕಿದ ಸಣ್ಣ ಸಣ್ಣ ಖಾನೆಗಳು, ದಿನಕ್ಕೊಂದು ಬಣ್ಣ ತುಂಬುವುದು. ದಿನ ಕಮ್ಮಿ ಉಳಿದವನನ್ನು 'ಶಾರ್ಟ್' ಅನ್ನುತ್ತಿದ್ದರು. ಮನೆಗೆ ಕರೆದೊಯ್ಯುವ ವಿಮಾನ 'ಫ್ರೀಡಂ ಬರ್ಡ್'. ಅಮೆರಿಕಕ್ಕೆ ಅವರು ಇಟ್ಟ ಹೆಸರು 'ದ ವರ್ಲ್ಡ್'. ತಾವಿರುವ ಜಾಗ ಲೋಕದಲ್ಲೇ ಇಲ್ಲ ಅನ್ನುವ ಹಾಗೆ. 'ಶಾರ್ಟ್' ಆದವನು ಎದ್ದು ಓಡಾಡೋಕೆ ಹೆದರುತ್ತಾನೆ, ಕೊನೆಯ ವಾರದಲ್ಲಿ ಸಾಯಬಾರದು ಅಂತ. ಹೊಸಬನಿಗೆ ಕೆಲಸ ಗೊತ್ತಿಲ್ಲ, ಹಳಬನಿಗೆ ಮಾಡುವ ಮನಸ್ಸಿಲ್ಲ. ಅಧಿಕಾರಿಗಳು ಇನ್ನೂ ಬೇಗ ಬದಲಾಗುತ್ತಿದ್ದರು, ಬಹಳ ಕಡೆ ಆರು ತಿಂಗಳಿಗೊಬ್ಬರು. ಹೀಗೆ ಒಂದು ದೇಶದ ಯುದ್ಧ ಒಬ್ಬೊಬ್ಬ ಹುಡುಗನ 365 ದಿನದ ಖಾಸಗಿ ಲೆಕ್ಕವಾಯಿತು.

ವಾಪಸ್ ಬರುವುದಕ್ಕೆ ಹಿಡಿಯುತ್ತಿದ್ದ ಸಮಯ ಹೆಚ್ಚೆಂದರೆ ಎರಡು ದಿನ. ಡ್ರಾಫ್ಟ್ ಆಗಿ ಹೋದವರಿಗೆ ಇನ್ನೊಂದು ವಿಶೇಷವಿತ್ತು. ತರಬೇತಿ, ರಜೆ, ಒಂದು ವರ್ಷ ವಿಯೆಟ್ನಾಂ, ಎಲ್ಲ ಸೇರಿ ಎರಡು ವರ್ಷದಲ್ಲಿ ಉಳಿಯುತ್ತಿದ್ದದ್ದು ನಾಲ್ಕೈದು ತಿಂಗಳು. ಅಷ್ಟಕ್ಕೆ ಇವರನ್ನು ಇಟ್ಟುಕೊಂಡು ಏನು ಮಾಡೋಣ ಅಂತ ಸೇನೆ 150 ದಿನ ಅಥವಾ ಅದಕ್ಕಿಂತ ಕಮ್ಮಿ ಉಳಿದವರನ್ನು ಬಂದ ತಕ್ಷಣ ಬಿಡುಗಡೆ ಮಾಡಿಬಿಡುತ್ತಿತ್ತು. ಹುಡುಗರಿಗೂ ಅದೇ ಬೇಕಿತ್ತು. ಕೆಲವರು ಆ ಲೆಕ್ಕ ಕೂಡಿಸೋಕೆ ವಿಯೆಟ್ನಾಂನಲ್ಲೇ ಇನ್ನೂ ಕೆಲವು ವಾರ ಜಾಸ್ತಿ ಉಳಿದರು. ಕ್ಯಾಲಿಫೋರ್ನಿಯಾದ ಓಕ್ಲೆಂಡ್‌ನ ಸೇನಾ ನೆಲೆಯಲ್ಲಿ ಬಿಸಿನೀರಿನ ಸ್ನಾನ, ಒಂದು ಮಾಂಸದೂಟ, ಹೊಸ ಸಮವಸ್ತ್ರ, ಬಾಕಿ ಸಂಬಳ, ನಾಲ್ಕಾರು ಕಡೆ ಸಹಿ. ಆಯ್ತು, ಹೋಗಿ. ಮಂಗಳವಾರ ಕೆಸರಲ್ಲಿ ಮಲಗಿದ್ದವನು ಗುರುವಾರ ಅಮ್ಮನ ಅಡುಗೆಮನೆಯಲ್ಲಿ ಕೂತಿದ್ದಾನೆ, ಎದುರಿಗೆ ಫ್ರಿಜ್ ಗುಂಯ್ ಅನ್ನುತ್ತಿದೆ, ಯಾರೋ ಬಾಗಿಲು ಹಾಕಿದ ಸದ್ದಿಗೆ ಅವನು ನೆಲಕ್ಕೆ ಬೀಳುತ್ತಾನೆ.

ನಮ್ಮಲ್ಲಿ ಸಾವಿನ ಮನೆಗೆ ಹೋಗಿ ಬಂದ್ರೆ ಬಚ್ಚಲಿಗೆ ಹೋಗದೆ ಒಳಗೆ ಕಾಲಿಡಲ್ಲ. ಸ್ವಂತ ಮನೆಯ ಸಾವಾದ್ರೆ ಹತ್ತು ಹನ್ನೊಂದು ದಿನ ಸೂತಕ. ನಾನು ಚಿಕ್ಕವನಿದ್ದಾಗ ಇದೆಲ್ಲ ಸುಮ್ನೆ ಕಂದಾಚಾರ ಅಂತ ವಾದ ಮಾಡುತ್ತಿದ್ದೆ. ಈಗ ಅಷ್ಟು ಜೋರಾಗಿ ವಾದ ಮಾಡಲ್ಲ. ಸತ್ತವರ ಜೊತೆ ಇದ್ದವನು ಬದುಕಿರುವವರ ನಡುವೆ ಬರೋಕೆ ಸ್ವಲ್ಪ ದಿನ ಬೇಕು ಅನ್ನುವ ತಿಳಿವಳಿಕೆ ಅದರಲ್ಲಿ ಎಲ್ಲೋ ಇದೆ. ಎರಡನೇ ಮಹಾಯುದ್ಧ ಮುಗಿಸಿ ಬಂದವರು ಹಡಗಿನಲ್ಲಿ ದಿನಗಟ್ಟಲೆ, ಪೆಸಿಫಿಕ್ ಕಡೆಯವರು ವಾರಗಟ್ಟಲೆ ಒಟ್ಟಿಗೆ ಬಂದರು. ಇಸ್ಪೀಟಾಡಿದರು, ಜಗಳವಾಡಿದರು, ಅತ್ತರು, ಅದೇ ಕಥೆಯನ್ನು ಹತ್ತು ಸಲ ಹೇಳಿದರು, ಕೇಳುವವನಿಗೂ ಅದು ಗೊತ್ತಿತ್ತು. ವಿಯೆಟ್ನಾಂ ಹುಡುಗನಿಗೆ ಆ ಹಡಗು ಸಿಗಲಿಲ್ಲ. ವಿಮಾನದಲ್ಲಿ ಪಕ್ಕ ಕೂತವನೂ ಅಪರಿಚಿತ.

ಬಂದವರ ಮುಖಕ್ಕೆ ಯುದ್ಧ ವಿರೋಧಿಗಳು ಉಗಿದರು ಅನ್ನುವ ಮಾತು ಅಮೆರಿಕದಲ್ಲಿ ಬಹಳ ಪ್ರಚಾರದಲ್ಲಿದೆ. ಇದರ ಮೇಲೆ ಅಲ್ಲಿ ದೊಡ್ಡ ಜಗಳವೇ ಇದೆ. ತನ್ನ ಮೇಲೆ ಉಗಿದರು ಅಂತ ಆಣೆ ಮಾಡಿ ಹೇಳುವವರಿದ್ದಾರೆ. ಆ ಕಾಲದ ಪತ್ರಿಕೆಗಳನ್ನು ಜಾಲಾಡಿ, ಆಗ ಬರೆದಿಟ್ಟ ಪುರಾವೆ ಸಿಗಲಿಲ್ಲ, ಕಥೆಗಳು ಬಂದದ್ದು ಆಮೇಲೆ ಅನ್ನುವವರೂ ಇದ್ದಾರೆ. ನನಗನಿಸುವುದು ಈ ಜಗಳದಲ್ಲಿ ಮುಖ್ಯ ವಿಷಯ ಕಳೆದುಹೋಗಿದೆ. ಜಾಸ್ತಿ ಜನರಿಗೆ ಸಿಕ್ಕಿದ್ದು ಉಗುಳೂ ಅಲ್ಲ, ಹಾರವೂ ಅಲ್ಲ. ಯಾರೂ ಏನೂ ಕೇಳಲಿಲ್ಲ. ಇನ್ನು ಯುದ್ಧ ವಿರೋಧಿಗಳು ಒಂದು ಕಡೆ, ಸೈನಿಕರು ಇನ್ನೊಂದು ಕಡೆ ಅನ್ನುವುದೂ ಪೂರ್ತಿ ಸರಿಯಲ್ಲ. 1971ರ ಏಪ್ರಿಲ್‌ನಲ್ಲಿ ವಾಷಿಂಗ್ಟನ್‌ನ ಸಂಸತ್ ಭವನದ ಮೆಟ್ಟಿಲ ಕಡೆಗೆ ತಮ್ಮ ಪದಕಗಳನ್ನು ಎಸೆದವರು ವಿಯೆಟ್ನಾಂನಿಂದ ಬಂದ ಸೈನಿಕರೇ. ಅದೇ ವಾರ ಜಾನ್ ಕೆರ್ರಿ ಅನ್ನುವ ಯುವ ನೌಕಾಧಿಕಾರಿ ಸೆನೆಟ್ ಸಮಿತಿಯ ಮುಂದೆ ಕೂತು, ಒಂದು ತಪ್ಪಿಗಾಗಿ ಸಾಯುವ ಕೊನೆಯವನಾಗು ಅಂತ ಒಬ್ಬನಿಗೆ ಹೇಗೆ ಹೇಳುತ್ತೀರಿ ಅಂತ ಕೇಳಿದ್ದರು. ಆಮೇಲೆ ಅವರು ವಿದೇಶಾಂಗ ಕಾರ್ಯದರ್ಶಿಯಾದದ್ದು ಬೇರೆ ಕಥೆ.

ಆಮೇಲೆ ರಾತ್ರಿಗಳು ಬಂದವು. ನಿದ್ದೆ ಇಲ್ಲ, ಕೆಟ್ಟ ಕನಸು, ಕಾರಣವಿಲ್ಲದ ಸಿಟ್ಟು, ಕುಡಿತ. ಇದಕ್ಕೆ ಆಗ ಹೆಸರೂ ಇರಲಿಲ್ಲ. ನ್ಯೂಯಾರ್ಕ್‌ನಲ್ಲಿ 1970ರ ಸುಮಾರಿಗೆ ವಾಪಸ್ ಬಂದ ಹುಡುಗರು ತಾವೇ ವಾರಕ್ಕೊಮ್ಮೆ ಸೇರಿ ಮಾತಾಡೋಕೆ ಶುರು ಮಾಡಿದರು, ಒಂದಿಬ್ಬರು ಮನೋವೈದ್ಯರು ಜೊತೆಗೆ ಕೂತರು. ನನಗೆ ಅದು ಆ ಹಡಗನ್ನು ನೆಲದ ಮೇಲೆ ಕಟ್ಟಿಕೊಂಡ ಹಾಗೆ ಕಾಣುತ್ತೆ. ಅಲ್ಲಿಂದ ಹತ್ತು ವರ್ಷ ಹೋರಾಡಿದ ಮೇಲೆ, 1980ರಲ್ಲಿ, ಪಿಟಿಎಸ್‌ಡಿ, ಅಂದ್ರೆ ಆಘಾತದ ನಂತರ ಉಳಿಯುವ ಮಾನಸಿಕ ತೊಂದರೆ, ಅನ್ನುವ ಹೆಸರು ಅಮೆರಿಕದ ಮನೋವೈದ್ಯರ ಕೈಪಿಡಿಗೆ ಸೇರಿತು. ಇವತ್ತು ನಾವು ಬೆಂಗಳೂರಿನ ಕ್ಲಿನಿಕ್‌ನಲ್ಲಿ, ಆಕ್ಸಿಡೆಂಟ್ ಆದವರಿಗೂ ಬಳಸುವ ಪದ ಅದು. 1980ರ ದಶಕದ ಕೊನೆಯಲ್ಲಿ ಸರ್ಕಾರವೇ ಮಾಡಿಸಿದ ದೊಡ್ಡ ಅಧ್ಯಯನದಲ್ಲಿ, ವಿಯೆಟ್ನಾಂಗೆ ಹೋಗಿ ಬಂದ ಗಂಡಸರಲ್ಲಿ ಸುಮಾರು 15% ಜನರಿಗೆ ಆಗಲೂ ಈ ತೊಂದರೆ ಇತ್ತು, ಸುಮಾರು 30% ಜನರಿಗೆ ಬದುಕಿನಲ್ಲಿ ಯಾವಾಗಲಾದರೂ ಬಂದಿತ್ತು. ರಣರಂಗದಲ್ಲಿ ಕಮ್ಮಿ ಅಂತ ಡಾಕ್ಟರುಗಳು ಬೆನ್ನು ತಟ್ಟಿಕೊಂಡಿದ್ದರಲ್ಲ, ಅದು ಕಮ್ಮಿಯಾಗಿರಲಿಲ್ಲ. ಹುಡುಗ 365 ದಿನ ಹಲ್ಲು ಕಚ್ಚಿ ತಡೆದುಕೊಂಡು ಅದನ್ನು ಮನೆಗೆ ತಂದಿದ್ದ.

ಇಲ್ಲಿ ನನ್ನ ವಾದಕ್ಕೇ ಅಡ್ಡ ಬರುವ ಒಂದು ವಿಷಯ ಹೇಳಬೇಕು. 1971ರ ಹೊತ್ತಿಗೆ ವಿಯೆಟ್ನಾಂನಲ್ಲಿದ್ದ ಸೈನಿಕರಲ್ಲಿ ಹೆರಾಯಿನ್ ಚಟ ವಿಪರೀತವಾಗಿತ್ತು, ಸುಮಾರು ಐದರಲ್ಲಿ ಒಬ್ಬನಿಗೆ. ಸರ್ಕಾರ ಹೆದರಿ ವಿಮಾನ ಹತ್ತುವ ಮುಂಚೆ ಮೂತ್ರ ಪರೀಕ್ಷೆ ಕಡ್ಡಾಯ ಮಾಡಿತು. ಇವರೆಲ್ಲ ಊರಿಗೆ ಬಂದ್ರೆ ಗತಿಯೇನು ಅಂತ ಎಲ್ಲರಿಗೂ ಭಯ. ಲೀ ರಾಬಿನ್ಸ್ ಅನ್ನುವ ಸಂಶೋಧಕಿ ಅವರನ್ನು ಹುಡುಕಿಕೊಂಡು ಹೋಗಿ ನೋಡಿದರೆ, ಅಲ್ಲಿ ಚಟ ಹತ್ತಿದ್ದವರಲ್ಲಿ ಮೊದಲ ವರ್ಷ ಮತ್ತೆ ಚಟಕ್ಕೆ ಬಿದ್ದವರು ಸುಮಾರು 5% ಮಾತ್ರ. ಮಿಕ್ಕವರು ಬಿಟ್ಟಿದ್ದರು, ಬಹುಪಾಲು ಯಾವ ಚಿಕಿತ್ಸೆಯೂ ಇಲ್ಲದೆ. ಅಂದ್ರೆ ಊರು ಬದಲಾದದ್ದೇ ಔಷಧಿಯಾಯಿತು. ಚಟ ಆ ಜಾಗಕ್ಕೆ ಅಂಟಿಕೊಂಡಿತ್ತು, ಜಾಗ ಬಿಟ್ಟ ಮೇಲೆ ಸಡಿಲವಾಯಿತು. ನೆನಪು ಮಾತ್ರ ಹಾಗಲ್ಲ, ಅದು ಮನುಷ್ಯನ ಜೊತೆ ವಿಮಾನ ಹತ್ತುತ್ತೆ.

ಅಮೆರಿಕದವರು ಸತ್ತದ್ದು 58,000ಕ್ಕೂ ಜಾಸ್ತಿ, ಅದರಲ್ಲಿ ಸುಮಾರು 30% ಡ್ರಾಫ್ಟ್ ಹುಡುಗರು. ಅವರೆಲ್ಲರ ಹೆಸರು ವಾಷಿಂಗ್ಟನ್‌ನ ಕಪ್ಪು ಕಲ್ಲಿನ ಗೋಡೆಯ ಮೇಲಿದೆ. ಅದನ್ನು ರೂಪಿಸಿದಾಗ ಮಾಯಾ ಲಿನ್ ಅವರಿಗೆ 21 ವರ್ಷ, ಇನ್ನೂ ವಿದ್ಯಾರ್ಥಿನಿ. ಗೋಡೆ ಎದ್ದು ನಿಂತದ್ದು 1982ರಲ್ಲಿ, ಸರ್ಕಾರದ ದುಡ್ಡಿನಿಂದಲ್ಲ, ವಾಪಸ್ ಬಂದವರು ಚಂದಾ ಎತ್ತಿದ ದುಡ್ಡಿನಿಂದ.

ಅದೇ ಯುದ್ಧದಲ್ಲಿ ತಾರೀಖು ಇಲ್ಲದ ಹುಡುಗರೂ ಇದ್ದರು. ಉತ್ತರ ವಿಯೆಟ್ನಾಂನ ಹುಡುಗ ಬೆನ್ನಿಗೆ ಅಕ್ಕಿ ಗಂಟು ಕಟ್ಟಿಕೊಂಡು ಕಾಡಿನ ದಾರಿಯಲ್ಲಿ ತಿಂಗಳುಗಟ್ಟಲೆ ನಡೆದು ದಕ್ಷಿಣಕ್ಕೆ ಬರುತ್ತಿದ್ದ. ಅವನಿಗೆ 365 ಅನ್ನುವ ಸಂಖ್ಯೆಗೆ ಅರ್ಥವೇ ಇರಲಿಲ್ಲ. 'ಉತ್ತರದಲ್ಲಿ ಹುಟ್ಟಿ ದಕ್ಷಿಣದಲ್ಲಿ ಸಾಯುವುದು' ಅಂತ ಅವರಲ್ಲೇ ಒಂದು ಮಾತಿತ್ತು, ಕೆಲವರು ಮೈಮೇಲೆ ಹಚ್ಚೆ ಹಾಕಿಸಿಕೊಂಡಿದ್ದರು. ಅವರ ಕಡೆಯ ಸುಮಾರು 3 ಲಕ್ಷ ಜನರ ಮೂಳೆ ಇವತ್ತಿಗೂ ಸಿಕ್ಕಿಲ್ಲ. ದಕ್ಷಿಣ ವಿಯೆಟ್ನಾಂ 1968ರಲ್ಲಿ 18ರಿಂದ 38ರ ಗಂಡಸರನ್ನೆಲ್ಲ ಕರೆಯಿತು. ಸೋತ ಮೇಲೆ ಅವರಲ್ಲಿ ಎಷ್ಟೋ ಜನ ಹೋದದ್ದು ಮನೆಗಲ್ಲ, ಬಂಧನ ಶಿಬಿರಗಳಿಗೆ. ಅವರಿಗೆ ಗೋಡೆಯೂ ಇಲ್ಲ.

ಈಗಿನ ಕಾಲಕ್ಕೆ ಬರೋಣ. 2022ರ ಸೆಪ್ಟೆಂಬರ್ 21ರಂದು ಪುಟಿನ್ ಭಾಗಶಃ ಸೇನಾ ಭರ್ತಿ ಘೋಷಿಸಿದರು, ಅವರ ರಕ್ಷಣಾ ಸಚಿವರು 3 ಲಕ್ಷ ಜನ ಅಂದರು. ಎಷ್ಟು ದಿನಕ್ಕೆ? ಆ ಆದೇಶದಲ್ಲಿ ಅದೇ ಇಲ್ಲ. ವಯಸ್ಸು ಮೀರಬೇಕು, ಮೈ ಪೂರ್ತಿ ಕೈಕೊಡಬೇಕು, ಇಲ್ಲಾ ಜೈಲು ಶಿಕ್ಷೆಯಾಗಬೇಕು. ಈ ಮೂರು ಬಿಟ್ಟರೆ ಹೊರಬರುವ ದಾರಿ ಇಲ್ಲ. ಒಂದು ವರ್ಷ ಕಳೆದ ಮೇಲೆ ಹೆಂಡತಿಯರು ಬಿಳಿ ಸ್ಕಾರ್ಫ್ ಕಟ್ಟಿಕೊಂಡು ಶನಿವಾರಗಳಲ್ಲಿ ಮಾಸ್ಕೋದ ಅಜ್ಞಾತ ಯೋಧನ ಸಮಾಧಿಗೆ ಹೂ ಇಡೋಕೆ ಶುರು ಮಾಡಿದರು. ಯುದ್ಧ ನಿಲ್ಲಿಸಿ ಅನ್ನುವುದಕ್ಕಿಂತ ಮೊದಲು ಅವರು ಕೇಳಿದ್ದು ನಮ್ಮವರು ಯಾವಾಗ ಬರುತ್ತಾರೆ ಅಂತ. ಅವರ ಗುಂಪಿನ ಹೆಸರೇ 'ಮನೆಯ ದಾರಿ'. 2024ರಲ್ಲಿ ಸರ್ಕಾರ ಆ ಗುಂಪಿಗೆ 'ವಿದೇಶಿ ಏಜೆಂಟ್' ಅನ್ನುವ ಪಟ್ಟ ಕಟ್ಟಿತು.

ಉಕ್ರೇನ್ ದಾಳಿಗೆ ಒಳಗಾದ ದೇಶ, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಆದರೂ ಅಲ್ಲಿನ ಸೈನಿಕನ ಕೈಯಲ್ಲೂ ತಾರೀಖು ಇಲ್ಲ. 2024ರ ಏಪ್ರಿಲ್‌ನ ಹೊಸ ಕಾನೂನಿನ ಕರಡಿನಲ್ಲಿ 36 ತಿಂಗಳಾದ ಮೇಲೆ ಮನೆಗೆ ಬಿಡಬೇಕು ಅನ್ನುವ ಸಾಲಿತ್ತು, ಕೊನೆಯ ಗಳಿಗೆಯಲ್ಲಿ ತೆಗೆದರು. ಬಿಟ್ಟರೆ ಆ ಜಾಗಕ್ಕೆ ಜನ ಇಲ್ಲ, ಅದೂ ನಿಜವೇ. ಅದೇ ತಿಂಗಳು ಕಡ್ಡಾಯ ಭರ್ತಿಯ ವಯಸ್ಸನ್ನು 27ರಿಂದ 25ಕ್ಕೆ ಇಳಿಸಿದರು. ಬೀದಿಯಲ್ಲಿ ಗಂಡಸರನ್ನು ಹಿಡಿದು ವ್ಯಾನಿಗೆ ತುಂಬುವುದಕ್ಕೆ ಅಲ್ಲಿನ ಜನ ಒಂದು ಹೊಸ ಪದವನ್ನೇ ಹುಟ್ಟಿಸಿದ್ದಾರೆ, 'ಬಸ್ಸೀಕರಣ' ಅನ್ನುವ ಹಾಗೆ. ತಾರೀಖು ಇದ್ದರೆ ಹುಡುಗ ಒಂಟಿಯಾಗುತ್ತಾನೆ ಅಂತ ವಿಯೆಟ್ನಾಂ ತೋರಿಸಿತು. ತಾರೀಖೇ ಇಲ್ಲದಿದ್ದರೆ ಏನಾಗುತ್ತೆ ಅನ್ನುವುದನ್ನು ಈ ಎರಡು ದೇಶಗಳು ಮುಂದಿನ 30 ವರ್ಷ ನೋಡಬೇಕು. ಸೋವಿಯತ್ ಕಾಲದಲ್ಲಿ ಅಫ್ಘಾನಿಸ್ತಾನದಿಂದ ಕೈಕಾಲು ಕಳೆದುಕೊಂಡು ಬಂದ ಹುಡುಗರು ಮನೆ, ಪಿಂಚಣಿ ಅಂತ ಕಚೇರಿಗೆ ಹೋದರೆ, ಕೌಂಟರಿನ ಆಚೆ ಕೂತವರು "ನಿಮ್ಮನ್ನ ಅಲ್ಲಿಗೆ ಕಳಿಸಿದ್ದು ನಾವಲ್ಲ" ಅನ್ನುತ್ತಿದ್ದರಂತೆ. ಆ ಮಾತು ರಷ್ಯನ್ ಭಾಷೆಯಲ್ಲಿ ಗಾದೆಯೇ ಆಗಿಹೋಗಿದೆ.

ಇದು ದೂರದ ಮಾತು ಅಂದುಕೊಂಡರೆ ಕಲಬುರಗಿಯನ್ನು ನೆನೆಯಿರಿ. ಅಲ್ಲಿಯ ಮೂವರು ಹುಡುಗರು ಸೆಕ್ಯೂರಿಟಿ ಕೆಲಸ, ಒಳ್ಳೆ ಸಂಬಳ ಅನ್ನುವ ಏಜೆಂಟರ ಮಾತು ನಂಬಿ ರಷ್ಯಾಕ್ಕೆ ಹೋಗಿ, ಓದೋಕೆ ಬಾರದ ಭಾಷೆಯ ಕಾಗದಕ್ಕೆ ಸಹಿ ಹಾಕಿ, ಉಕ್ರೇನ್ ಗಡಿಯ ಕಂದಕಗಳಲ್ಲಿ ಸಿಕ್ಕಿಬಿದ್ದಿದ್ದರು. ಇವರು ಡ್ರಾಫ್ಟ್ ಆದವರಲ್ಲ, ಮೋಸ ಹೋದವರು. ಆದರೆ ಅವರ ಸ್ಥಿತಿ ಅದೇ, ಯಾವಾಗ ಬಿಡುತ್ತಾರೆ ಅಂತ ಗೊತ್ತಿಲ್ಲ. 2024ರ ಜುಲೈನಲ್ಲಿ ಪ್ರಧಾನಿ ಮಾಸ್ಕೋದಲ್ಲಿ ವಿಷಯ ಎತ್ತಿದ ಮೇಲೆ ಸೆಪ್ಟೆಂಬರ್‌ನಲ್ಲಿ ಅವರು ಊರು ತಲುಪಿದರು. ವಿದೇಶಾಂಗ ಇಲಾಖೆ 2025ರ ಜನವರಿಯಲ್ಲಿ ಕೊಟ್ಟ ಲೆಕ್ಕದಲ್ಲಿ ಹೀಗೆ ರಷ್ಯಾ ಸೇನೆ ಸೇರಿದ್ದ ಭಾರತೀಯರು 126 ಜನ, ಸತ್ತವರು 12, ಪತ್ತೆಯಿಲ್ಲದವರು 16. ಬಂದವರ ಫೋಟೋ ಪೇಪರಿನಲ್ಲಿ ಬಂತು, ಹಾರ ಹಾಕಿದ್ದೂ ಬಂತು. ಆಮೇಲೆ ಅವರಿಗೆ ನಿದ್ದೆ ಬರುತ್ತಾ ಅಂತ ಯಾವ ಪೇಪರೂ ಕೇಳಿದ್ದು ನಾನು ನೋಡಿಲ್ಲ.

ಯುರೋಪಿನ ಕಡೆ ಬೇಗ ಒಂದು ಸುತ್ತು. ಜರ್ಮನಿ 2011ರಲ್ಲಿ ನಿಲ್ಲಿಸಿದ್ದ ಕಡ್ಡಾಯ ಸೇವೆಯನ್ನು ಪೂರ್ತಿ ವಾಪಸ್ ತಂದಿಲ್ಲ, ಆದರೆ 2026ರಿಂದ 18 ತುಂಬಿದ ಹುಡುಗರು ಸೇನೆಯ ಪ್ರಶ್ನಾವಳಿಗೆ ಉತ್ತರ ಕೊಡಲೇಬೇಕು. ಕ್ರೊಯೇಷಿಯಾದಲ್ಲಿ ಎರಡು ತಿಂಗಳ ತರಬೇತಿ ಮತ್ತೆ ಶುರುವಾಗಿದೆ. ಡೆನ್ಮಾರ್ಕ್ ಹುಡುಗಿಯರನ್ನೂ ಲಾಟರಿಗೆ ಸೇರಿಸಿದೆ. ಸ್ವೀಡನ್, ಲಿಥುವೇನಿಯಾ, ಲಾಟ್ವಿಯಾ ಇದಕ್ಕಿಂತ ಮುಂಚೆಯೇ ತಂದಿದ್ದವು.

ನಮ್ಮ ದೇಶದಲ್ಲಿ ಡ್ರಾಫ್ಟ್ ಇಲ್ಲ, ಇರುವುದು ಇಷ್ಟಪಟ್ಟು ಹೋಗುವವರ ಸೇನೆ. ಆದರೂ ವಾಪಸ್ ಬರುವ ಪ್ರಶ್ನೆ ನಮ್ಮ ಹಳ್ಳಿಗಳ ಬಾಗಿಲಿಗೂ ಬರುತ್ತಿದೆ. ಮಿಲ್ಟ್ರಿಯಿಂದ ರಿಟೈರ್ ಆಗಿ ಬಂದವರನ್ನು ನಮ್ಮ ಕಡೆ ಊರಿನ ಬಸ್‌ಸ್ಟ್ಯಾಂಡಿನಿಂದ ತೆರೆದ ಜೀಪಿನಲ್ಲಿ, ಡೊಳ್ಳು ಬಾರಿಸಿ, ಹೂ ಎರಚಿ ಮನೆಗೆ ಕರೆದೊಯ್ಯುತ್ತಾರೆ. ಹದಿನೇಳೋ ಇಪ್ಪತ್ತೋ ವರ್ಷ ಸೇವೆ ಮಾಡಿದ, ಪಿಂಚಣಿ ಇರುವ, ಮೀಸೆ ನರೆತ ಮನುಷ್ಯರು ಅವರು. ಅಗ್ನಿವೀರರ ಮೊದಲ ತಂಡ 2023ರ ಶುರುವಿನಲ್ಲಿ ತರಬೇತಿಗೆ ಸೇರಿತು, ನಾಲ್ಕು ವರ್ಷ ಎಣಿಸಿಕೊಳ್ಳಿ. ಅವರಲ್ಲಿ ನಾಲ್ಕನೇ ಒಂದು ಭಾಗವನ್ನು ಉಳಿಸಿಕೊಂಡು ಮಿಕ್ಕವರನ್ನು ಸುಮಾರು 11.7 ಲಕ್ಷ ರೂಪಾಯಿ ಕೊಟ್ಟು ಕಳಿಸುತ್ತಾರೆ. 22-23ರ ಹುಡುಗರು, ಪಿಂಚಣಿ ಇಲ್ಲ. ಅವರನ್ನೂ ಊರು ಜೀಪಿನಲ್ಲಿ ಕರೆತರುತ್ತಾ, ಇಲ್ಲಾ "ಯಾಕಪ್ಪಾ, ಇಟ್ಕೊಳ್ಳಲಿಲ್ವಾ?" ಅಂತ ಕೇಳುತ್ತಾ?

ಮೊನ್ನೆ ಭಾನುವಾರ ವಿಡಿಯೋ ಕಾಲ್‌ನಲ್ಲಿ ಹುಡುಗನಿಗೆ ಆ ಲಾಟರಿ ಕಥೆ ಹೇಳಿದೆ. ಅವನು ಕೇಳುತ್ತಲೇ ಫೋನಿನಲ್ಲಿ 1969ರ ಪಟ್ಟಿ ಹುಡುಕಿದ. ಅವನದು ಜನವರಿ 11. "329, ಮಾಮ! ನಾನು ಸೇಫ್" ಅಂತ ನಕ್ಕ. ಅಕ್ಕ ಹಿಂದೆ ನಿಂತು ಪಾತ್ರೆ ಒರೆಸುತ್ತಿದ್ದಳು. ಏನೋ ಅದು, ನನಗೂ ತೋರಿಸು ಅಂತ ಬಂದು, ಕನ್ನಡಕ ಏರಿಸಿಕೊಂಡು, ಜನವರಿ ಸಾಲಿನಲ್ಲಿ ಬೆರಳಿಟ್ಟು ಕೆಳಗೆ ಬಂದಳು. 15ರ ಹತ್ತಿರ ನಿಂತಳು. ಅದರ ಮುಂದೆ 17 ಅಂತ ಇತ್ತು.

"ಡಾಕ್ಟರ್ ಕೊಟ್ಟಿದ್ದ ಡೇಟು ಸಂಕ್ರಾಂತಿದು ಕಣೋ, 15" ಅಂದಳು. "ಇವನೇ ನಾಲ್ಕು ದಿನ ಮುಂಚೆ ಬಂದ."